ಹದಿನೇಳನೇ ನಂಬರಿಗೆ ಕೊಟ್ಟ ಸೊನ್ನೆ

ನಲವತ್ತೊಂದು ಮಕ್ಕಳು, ನಲವತ್ತೊಂದು ಹಾಳೆ, ಒಂದೇ ಉತ್ತರ. "ಇಬ್ಬರಿಗೂ ಬುದ್ಧಿ ಹೇಳಿ ಜಗಳ ಬಿಡಿಸುತ್ತೇನೆ." ಮೊದಲ ಹತ್ತು ಹಾಳೆ ನೋಡುವಾಗ ಸಂತೋಷವಾಯಿತು. ಇಪ್ಪತ್ತಕ್ಕೆ ಬರುವಾಗ ಅನುಮಾನ ಬಂತು. ಕೊನೆಯ ಹಾಳೆ ಯಾರದೆಂದು ನೋಡಿದ ಮೇಲೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಅದೇ ದಿನ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಇಬ್ಬರು ಹುಡುಗರು ಹೊಡೆದಾಡುತ್ತಿದ್ದಾಗ, "ಬುಡಬೇಡ ಕಣೋ, ಇನ್ನೊಂದು ಕೊಡು" ಎಂದು ಪಕ್ಕದಲ್ಲಿ ಕುಣಿಯುತ್ತಿದ್ದ ಹುಡುಗನದು ಅದು. ಅವನೂ ಬುದ್ಧಿ ಹೇಳಿ ಜಗಳ ಬಿಡಿಸುವವನೇ ಆಗಿದ್ದ, ಅದೂ ದುಂಡಗಿನ ಅಕ್ಷರದಲ್ಲಿ.

ರಾಜ್ಯ ಒಂದಾಗಿ ಒಂದೆರಡು ವರ್ಷವಾಗಿತ್ತು. ಮೈಸೂರಿನ ನಮ್ಮ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರು ಒಂದು ವರ್ಷದ ಕೆಲಸವೊಂದನ್ನು ಹಮ್ಮಿಕೊಂಡಿದ್ದರು. ಸ್ನೇಹಿತರು ಜಗಳವಾಡುವಾಗ ಯಾವ ಮಗು ನಡುವೆ ಬರುತ್ತದೆ, ಯಾವುದು ಬರುವುದಿಲ್ಲ, ಆ ಮನಸ್ಸನ್ನು ಅಳೆಯಲು ಸಾಧ್ಯವೇ ಎಂಬುದು ಪ್ರಶ್ನೆ. ಊರೊಳಗಿನ ಒಂದು ಮಿಡ್ಲ್ ಸ್ಕೂಲಿನ ಆರನೇ ಕ್ಲಾಸನ್ನು ಆರಿಸಿದ್ದೆವು. ನಾನು ಅವರ ಸಹಾಯಕಿ. ಹನ್ನೆರಡು ಪುಟ್ಟ ಕಥೆಗಳ ಪ್ರಶ್ನಾವಳಿ ನನ್ನದೇ. ಕನ್ನಡ ಟೈಪು ನಮ್ಮಲ್ಲಿ ಇರಲಿಲ್ಲವಾದ್ದರಿಂದ ಸ್ಟೆನ್ಸಿಲ್ ಹಾಳೆಯ ಮೇಲೆ ಲೋಹದ ಕಡ್ಡಿಯಿಂದ ಒಂದೊಂದು ಅಕ್ಷರವನ್ನೂ ಕೊರೆದು, ಒತ್ತು ಜಾಸ್ತಿಯಾಗಿ ಹರಿದುಹೋದಾಗಲೆಲ್ಲ ಮತ್ತೆ ಕೊರೆದು, ಸೈಕ್ಲೋಸ್ಟೈಲ್ ಮಾಡಿಸಿದ್ದೆ. ಬೆರಳಿನ ಮಸಿ ಒಂದು ವಾರ ಹೋಗಲಿಲ್ಲ.

ಉತ್ತರದ ಹಾಳೆಗಳನ್ನು ನೋಡಿದ ಮಾರನೆಯ ದಿನ ಸ್ಕೂಲಿಗೆ ಹೋದರೆ ಕಪ್ಪು ಹಲಗೆಯ ಮೂಲೆಯಲ್ಲಿ ಸರಿಯಾಗಿ ಅಳಿಸದ ಸಾಲೊಂದು ಕಾಣಿಸಿತು. ನಲವತ್ತೊಂದು ಹಾಳೆಯಲ್ಲಿ ನಾನು ಓದಿದ್ದ ಸಾಲೇ. ಪಕ್ಕದಲ್ಲಿ "ಹೀಗೇ ಬರೆಯತಕ್ಕದ್ದು" ಎಂಬ ಸೂಚನೆ ಬೇರೆ. ಅನುಮತಿ ಕೇಳುವಾಗ ಪ್ರಶ್ನಾವಳಿಯ ಒಂದು ಪ್ರತಿಯನ್ನು ಹೆಡ್‌ಮೇಷ್ಟ್ರಿಗೆ ಕೊಟ್ಟಿದ್ದೆ. ಅವರು ಕ್ಲಾಸ್ ಮೇಷ್ಟ್ರಿಗೆ ದಾಟಿಸಿದ್ದರು. ಕ್ಲಾಸ್ ಮೇಷ್ಟ್ರು ಇನ್‌ಸ್ಪೆಕ್ಟರು ಬರುವ ಹಿಂದಿನ ದಿನ ಮಾಡುವ ತಯಾರಿಯನ್ನೆಲ್ಲ ಮಾಡಿದ್ದರು.

"ಸಾರ್, ಇದು ಪರೀಕ್ಷೆ ಅಲ್ಲ, ಮಕ್ಕಳು ಮನಸ್ಸಿಗೆ ಬಂದದ್ದು ಬರೀಬೇಕಿತ್ತು" ಎಂದೆ.

ಮೇಷ್ಟ್ರು ಪೇಟ ಸರಿಮಾಡಿಕೊಂಡರು. "ಏನಮ್ಮ ನೀವು ಹೇಳೋದು. ಹೊರಗಿನವರು ಬಂದು ನಮ್ಮ ಮಕ್ಕಳ ನಡತೆ ಅಳೀತಾರೆ ಅಂದಮೇಲೆ ಸ್ಕೂಲಿನ ಮಾನ ನೋಡ್ಕೋಬೇಡ್ವೆ? ಒಂದು ಮಗೂನಾದ್ರೂ ತಪ್ಪು ಬರೆದಿದ್ಯಾ, ನೋಡಿ ಹೇಳಿ."

ಒಂದೂ ತಪ್ಪು ಬರೆದಿರಲಿಲ್ಲ. ಅದೇ ನನ್ನ ಗ್ರಹಚಾರ.

ಪ್ರೊಫೆಸರು ಹಾಳೆಗಳ ಕಟ್ಟನ್ನು ಎರಡು ನಿಮಿಷ ತಿರುವಿ ಪಕ್ಕಕ್ಕಿಟ್ಟರು. "ಕೇಳೋದು ಬಿಡಿಯಮ್ಮ. ನೋಡೋಣ. ಆಟದ ಬಯಲಲ್ಲಿ ಕೂತು ನೋಡಿ. ಆದರೆ ಒಬ್ಬರು ನೋಡಿದರೆ ಸಾಲದು, ಇಬ್ಬರು ಬೇಕು. ಇಬ್ಬರು ಬೇರೆ ಬೇರೆ ಬರೆದದ್ದು ಐದರಲ್ಲಿ ನಾಲ್ಕಾದರೂ ಹೊಂದಿದರೆ ಮಾತ್ರ ಅದನ್ನು ಅಳತೆ ಅನ್ನಬಹುದು. ಇನ್ನೊಬ್ಬರು ಯಾರಾದರೂ ಗೊತ್ತಾ ನಿಮಗೆ?"

ಗೊತ್ತು ಎಂದೆ. ಕಾಲೇಜಿನ ಹಾಸ್ಟೆಲಿನಲ್ಲಿ ಎರಡು ವರ್ಷ ನನ್ನ ಜೊತೆ ಒಂದೇ ರೂಮಿನಲ್ಲಿದ್ದ ಗೆಳತಿ ಇಲವಾಲದ ಸ್ಕೂಲಿನಲ್ಲಿ ಪಾಠ ಹೇಳಿಕೊಂಡಿದ್ದಳು. ನನಗೆ ಫಸ್ಟ್ ಕ್ಲಾಸು, ಅವಳಿಗೆ ಸೆಕೆಂಡು. ಅವಳಿಗೊಂದು ಉಪಕಾರ ಮಾಡುತ್ತಿದ್ದೇನೆ ಎಂಬ ದೊಡ್ಡಸ್ತಿಕೆಯಿಂದಲೇ ಹೆಸರು ಹೇಳಿದೆ. ಅವಳು ಇದ್ದ ಕೆಲಸ ಬಿಟ್ಟು ಬಂದಳು. ಹದಿನೈದೇ ದಿನದಲ್ಲಿ ಆ ಜಾಗಕ್ಕೆ ಬೇರೆಯವರು ಬಂದರು. ನಾನೇ ಕರೆತಂದೆ, ನನ್ನ ಕೈಯಾರೆ ಕರೆತಂದೆ ಎಂದು ಆಮೇಲೆ ಎಷ್ಟು ಸಲ ಹೇಳಿಕೊಂಡು ಹಲ್ಲು ಕಡಿದೆನೋ ಲೆಕ್ಕವಿಲ್ಲ.

ನೋಡುವ ಕೆಲಸಕ್ಕೆ ನಿಯಮ ಬರೆದವಳೂ ನಾನೇ. ಪ್ರತಿ ಮಗುವಿಗೆ ಹಾಜರಿ ಪುಸ್ತಕದ ಕ್ರಮದಲ್ಲಿ ಒಂದು ನಂಬರು. ಹಾಳೆಯಲ್ಲಿ ಜಗಳವಾಡಿದವರು, ಬಿಡಿಸಿದವರು ಎಂದು ಬೇರೆ ಬೇರೆ ಕಾಲಮ್ಮು. ಜಗಳ ಕಂಡ ಕೂಡಲೇ ಸ್ಟಾಪ್‌ವಾಚ್ ಒತ್ತಬೇಕು. ಐದು ನಿಮಿಷದೊಳಗೆ ಹತ್ತಿರವಿದ್ದ ಪ್ರತಿ ಮಗು ಏನು ಮಾಡಿತೋ ಅದಕ್ಕೆ ಅಂಕ. ನಡುವೆ ಹೋಗಿ ಬಿಡಿಸಿದರೆ ನಾಲ್ಕು. ಮಾತಿನಲ್ಲಿ ತಡೆದರೆ ಮೂರು. ದೊಡ್ಡವರನ್ನು ಕರೆದರೆ ಎರಡು. ನಿಂತು ನೋಡಿದರೆ ಒಂದು. ಕಂಡೂ ಕಾಣದ ಹಾಗೆ ಹೋದರೆ ಸೊನ್ನೆ. ಬರೆದು ಮುಗಿಸುವ ತನಕ ಒಬ್ಬರ ಹಾಳೆಯನ್ನು ಇನ್ನೊಬ್ಬರು ನೋಡಕೂಡದು. ಐದು ನಿಮಿಷ ಏಕೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ನನ್ನಲ್ಲಿ ಉತ್ತರವೂ ಇರಲಿಲ್ಲ. ಸ್ಟಾಪ್‌ವಾಚಿನ ಮುಖದ ಮೇಲೆ ಐದು ಎಂಬ ಅಂಕಿ ದಪ್ಪವಾಗಿತ್ತು, ಅಷ್ಟೆ.

ಮೊದಲ ವಾರ ನನ್ನ ಮುಂದೆ ಯಾರೂ ಜಗಳವಾಡಲಿಲ್ಲ. ನಾನು ಬಯಲಿನ ಪಶ್ಚಿಮದ ತುದಿಯಲ್ಲಿ ರಟ್ಟಿಗೆ ಹಾಳೆ ಸಿಕ್ಕಿಸಿಕೊಂಡು ನಿಂತರೆ ಗೋಲಿ ಆಡುವವರು ಆಟ ಮಡಿಸಿ ಕೈಕಟ್ಟಿ ನಿಲ್ಲುತ್ತಿದ್ದರು. ಗೆಳತಿ ಹೊಂಗೆಮರದ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಳು. ಮೂರನೇ ದಿನಕ್ಕೆ ಅವಳ ಮುಂದೆ ಜಗಳ ಶುರುವಾಯಿತು. ನಾಲ್ಕನೇ ದಿನ ಜಗಳವಾಡುತ್ತಿದ್ದವರು ಅವಳನ್ನೇ ಪಂಚಾಯಿತಿಗೆ ಕರೆದರು. "ನಾನು ಲೆಕ್ಕಕ್ಕಿಲ್ಲ ಕಣ್ರೋ, ಈ ಕಟ್ಟೆ ಇದ್ದಹಾಗೆ" ಎಂದಳಂತೆ. ಮಕ್ಕಳು ಒಪ್ಪಿಕೊಂಡವು. ನಾನು ನಂಬರುಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಅವಳಿಗೆ ಆಗಲೇ ಯಾರ ಮನೆಯಲ್ಲಿ ಎಮ್ಮೆ ಕರು ಹಾಕಿದೆ ಎಂಬುದೂ ಗೊತ್ತಿತ್ತು.

ನಾನೂ ಒಂದು ದಿನ ಕಟ್ಟೆಯ ಇನ್ನೊಂದು ಬದಿಗೆ ಕೂತೆ. ಕಡಲೆಕಾಯಿ ತಂದಿದ್ದೆ. ಮಕ್ಕಳು ಬಂದು ನನ್ನ ಕಡಲೆಕಾಯಿ ತಿಂದು, ಸಿಪ್ಪೆಯನ್ನು ನನ್ನ ಮುಂದೆ ಹಾಕಿ, ಅವಳ ಹತ್ತಿರ ಹೋಗಿ ಕೂತವು.

ಪ್ರೊಫೆಸರು ತಿಂಗಳಿಗೊಮ್ಮೆ ಒಂದೆರಡು ಹಾಳೆ ಎತ್ತಿ ಜಗಳದ ವಿವರವನ್ನಷ್ಟೇ ಓದುತ್ತಿದ್ದರು, ಅಂಕ ಮತ್ತು ಅಂಚಿನ ಟಿಪ್ಪಣಿಗಳನ್ನು ಕೊನೆಯ ಪಟ್ಟಿಗೆ ಬಿಟ್ಟಿದ್ದರು. ಮೊದಲ ಸಲವೇ ಅವಳದನ್ನು ಎತ್ತಿ ಹಿಡಿದು, "ಇದನ್ನು ನೋಡಿಯಮ್ಮ, ಜಗಳ ಕಣ್ಣ ಮುಂದೆ ಬರುತ್ತೆ. ನೀವೂ ಹೀಗೆ ಬರೀಬೇಕು" ಎಂದರು. ಸುಳ್ಳು ಯಾಕೆ, ಆ ದಿನದಿಂದ ನಾನು ಮಕ್ಕಳನ್ನು ನೋಡಿದ್ದಕ್ಕಿಂತ ಅವಳನ್ನು ನೋಡಿದ್ದೇ ಹೆಚ್ಚು. ಅವಳು ನಕ್ಕರೆ ಯಾಕೆ ನಗುತ್ತಾಳೆ, ಬರೆದರೆ ಏನು ಬರೆಯುತ್ತಾಳೆ, ಅವರು ಅವಳಿಗೆ ಎಷ್ಟು ಸಲ 'ವೆರಿ ಗುಡ್' ಅಂದರು, ನನಗೆ ಎಷ್ಟು ಸಲ. ಅವಳ ನೀಲಿ ಪೆನ್ಸಿಲನ್ನು ಕಡ ತೆಗೆದುಕೊಂಡು ವಾಪಸ್ ಕೊಡಲಿಲ್ಲ. ನನಗೆ ನೀಲಿ ಪೆನ್ಸಿಲಿನ ಕೆಲಸವೇ ಇರಲಿಲ್ಲ. ಅವಳ ಹತ್ತಿರ ಅದು ಇರಬಾರದು ಎನಿಸಿತು.

ಹದಿನೇಳನೇ ನಂಬರಿನ ಹುಡುಗಿಯ ವಿಚಾರಕ್ಕೆ ಬರುತ್ತೇನೆ. ಆಗ ಹೊಲಗದ್ದೆಯ ನಡುವೆ ಇದ್ದ ದಟ್ಟಗಳ್ಳಿಯಿಂದ ನಡೆದು ಬರುತ್ತಿದ್ದಳು. ಮೊಣಕಾಲಿನ ತನಕ ಧೂಳು, ಎಣ್ಣೆ ಹಾಕಿ ಬಿಗಿದ ಎರಡು ಜಡೆ, ಮಾತು ಕಡಿಮೆ. ಒಂದು ದಿನ ಕುಂಟೆಬಿಲ್ಲೆ ಆಡುವಾಗ ಎಂಟನೇ ನಂಬರಿಗೂ ಇಪ್ಪತ್ತಮೂರನೇ ನಂಬರಿಗೂ ಜಗಳ ಬಿತ್ತು. ಇಬ್ಬರೂ ಅವಳ ಜೀವದ ಗೆಳತಿಯರು.

"ಗೆರೆ ತುಳಿದ್ಬುಟ್ಟೆ ಕಣೇ."

"ನಿನ್ ಕಣ್ಣಲ್ಲಿ ಏನಿತ್ತು? ತುಳೀಲಿಲ್ಲ."

"ಆಡ್ಬೇಡ ಓಗು. ನಿನ್ ಜೊತೆ ಟೂ."

ಎಂಟನೇ ನಂಬರಿನವಳು ಕಿರುಬೆರಳು ತೋರಿಸಿ ಟೂ ಬಿಟ್ಟಳು. ಇಪ್ಪತ್ತಮೂರನೆಯವಳು ಬಿಲ್ಲೆ ಎಸೆದು ಅವಳ ಜಡೆ ಹಿಡಿದಳು. ನಾನು ಸ್ಟಾಪ್‌ವಾಚ್ ಒತ್ತಿದೆ. ಇಬ್ಬರು ಹುಡುಗಿಯರು ನಡುವೆ ನುಗ್ಗಿದರು, ನಾಲ್ಕು ಅಂಕ. ಒಬ್ಬಳು ಮೇಷ್ಟ್ರನ್ನು ಕರೆಯಲು ಓಡಿದಳು, ಎರಡು. ಹದಿನೇಳು ಒಮ್ಮೆ ನೋಡಿ, ಬಿದ್ದಿದ್ದ ಬಿಲ್ಲೆಯನ್ನು ಎತ್ತಿ ಲಂಗದ ಅಂಚಿನಲ್ಲಿ ಕಟ್ಟಿಕೊಂಡು, ನಲ್ಲಿಯ ಹತ್ತಿರ ಕಾಲು ತೊಳೆಯಲು ಹೋದಳು. ಸೊನ್ನೆ. ಅವಳಿಗೆ ಅದು ಮೊದಲ ಸೊನ್ನೆಯಲ್ಲ. ಕಲ್ಲಿನಂಥ ಮಗು ಎಂದುಕೊಂಡೆ.

ಸಂಜೆ ಗೆಳತಿಯ ಹಾಳೆಯನ್ನು ಫೈಲಿಗೆ ಸೇರಿಸಿಕೊಳ್ಳುವಾಗ ನೋಡಿದರೆ ಹದಿನೇಳಕ್ಕೆ ಮೂರು ಕೊಟ್ಟಿದ್ದಳು. ಪಕ್ಕದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ, "ಊಟದ ಬೆಲ್ ಆದ ಮೇಲೆ ಎಂಟರ ಹತ್ತಿರ ಹೋಗಿ ಏನೋ ಹೇಳಿದಳು. ಆಮೇಲೆ ಇಪ್ಪತ್ತಮೂರರ ಹತ್ತಿರ. ಸ್ಕೂಲು ಬಿಡುವಾಗ ಮೂವರೂ ಒಟ್ಟಿಗೆ ಹೋದರು" ಎಂದಿತ್ತು.

"ಇದು ನಡೆಯಲ್ಲ ಕಣೇ. ಐದು ನಿಮಿಷ ಮುಗಿದ ಮೇಲೆ ಏನು ನಡೆದರೂ ಲೆಕ್ಕಕ್ಕಿಲ್ಲ" ಎಂದೆ.

"ಅದೇನೋ ನಡೀತಾ ಇದೆ. ಇಂಥ ಮಕ್ಕಳು ಕ್ಲಾಸಲ್ಲಿ ಐದಾರು ಇದಾವೆ. ಏನು ಹೇಳ್ತಾವೋ ನನಗೂ ಕೇಳಿಸಿಲ್ಲ. ಬರೆದಿಟ್ಟಿರ್ತೀನಿ, ಆಮೇಲೆ ನೋಡೋಣ."

"ನಿಯಮ ಅಂತ ಒಂದಿದೆ."

"ನಿನ್ನ ಸ್ಟಾಪ್‌ವಾಚು ಆ ಮಕ್ಕಳಿಗೆ ಕಾಣಿಸುತ್ತೇನೇ?" ಎಂದು ನಕ್ಕಳು. ಅವಳಿಗದು ತಮಾಷೆ. ನನಗೆ ಚುಚ್ಚಿತು.

ಒಂಬತ್ತು ವಾರದ ಹಾಳೆಗಳು ಸೇರಿದ ಮೇಲೆ ಎರಡನ್ನೂ ಹೊಂದಿಸಿ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ದೊಡ್ಡ ಹಾಳೆಯಲ್ಲಿ ಎಡಕ್ಕೆ ನನ್ನ ಅಂಕ, ಬಲಕ್ಕೆ ಅವಳ ಅಂಕ, ಕೊನೆಗೆ ಷರಾ. ಹೊಂದದೇ ಇದ್ದ ಕಡೆಯೆಲ್ಲ ಕಾರಣವನ್ನು ಷರಾ ಕಾಲಮ್ಮಿನಲ್ಲಿ ಬರೆಯಬೇಕೆಂದು ಪ್ರೊಫೆಸರು ಕಟ್ಟಪ್ಪಣೆ ಮಾಡಿದ್ದರು. ಅವಳ ಅಂಚಿನ ಟಿಪ್ಪಣಿಗಳೇ ಆ ಕಾರಣ. ನಾನು ಒಂದನ್ನೂ ಇಳಿಸಿಕೊಳ್ಳಲಿಲ್ಲ. ನನ್ನ ಹಾಳೆಯ ಷರಾಗಳನ್ನು ಮಾತ್ರ ಚೆಂದವಾಗಿ ಬರೆದು, ಅವಳ ಸಾಲುಗಳ ಮುಂದೆ ಖಾಲಿ ಬಿಟ್ಟೆ. ಐದು ನಿಮಿಷದ ನಿಯಮ ನನ್ನ ಪರವಾಗಿತ್ತಲ್ಲ. ಅದರ ಮರೆಯಲ್ಲಿ ನಿಂತರೆ ಯಾರೂ ಏನೂ ಅನ್ನುವ ಹಾಗಿರಲಿಲ್ಲ. ಪಟ್ಟಿ ಮುಗಿಸಿ ನೋಡಿದರೆ ಇಬ್ಬರದೂ ಅರ್ಧದಷ್ಟೂ ಹೊಂದಿರಲಿಲ್ಲ. ಪಟ್ಟಿಯನ್ನು ನೋಡಿದವರಿಗೆ ಅವಳು ಕಣ್ಣುಮುಚ್ಚಿ ಅಂಕ ಹಾಕಿದ್ದಾಳೆಂದೇ ಅನಿಸಬೇಕು.

ಪ್ರೊಫೆಸರಿಗೂ ಹಾಗೇ ಅನಿಸಿತು. ಇಬ್ಬರನ್ನೂ ಕೂರಿಸಿಕೊಂಡು ಅವಳಿಗೆ ಹೇಳಿದರು. "ನೋಡಿಯಮ್ಮ, ನೀವು ಚೆನ್ನಾಗಿ ಬರೀತೀರಿ. ಆದರೆ ಅಳೆಯೋ ಕೆಲಸಕ್ಕೆ ಶಿಸ್ತು ಬೇಕು. ನಿಮ್ಮ ಹಾಳೆಗಳನ್ನ ಬಿಡಬೇಕಾಗುತ್ತೆ. ಮುಂದಿನ ಶನಿವಾರ ಪಟ್ಟಿಯ ಕೊನೇ ಪ್ರತಿ ಬರಲಿ, ಆಮೇಲೆ ತಿಂಗಳ ಕೊನೆಗೆ ನಿಮ್ಮನ್ನ ಬಿಡುಗಡೆ ಮಾಡ್ತೀನಿ. ಬೇರೆಯವರನ್ನ ನೋಡೋಣ." ಆಮೇಲೆ ನನ್ನ ಕಡೆ ತಿರುಗಿ, "ಇದರಲ್ಲಿ ಇನ್ನೇನಾದರೂ ಹೇಳೋದಿದೆಯಾ ನಿಮಗೆ?" ಎಂದರು.

"ಇಲ್ಲ ಸಾರ್" ಎಂದೆ.

ಅವಳು ಪಟ್ಟಿಯ ಖಾಲಿ ಷರಾ ಕಾಲಮ್ಮನ್ನು ನೋಡಿದಳು, ನನ್ನನ್ನು ನೋಡಿದಳು. ಪಟ್ಟಿಯನ್ನು ಮೇಜಿನ ಮೇಲಿಟ್ಟು ಎದ್ದಳು. ವಾಪಸ್ ಹೋಗಲು ಇಲವಾಲದ ಕೆಲಸ ಇರಲಿಲ್ಲ, ಅದು ನನಗೂ ಗೊತ್ತಿತ್ತು. ಹೊರಗೆ ಬಂದ ಮೇಲೆ ನನಗೆ ಸಂತೋಷವಾಗಬೇಕಿತ್ತು. ಒಂದು ಗಳಿಗೆ ಆಯಿತು ಕೂಡ, ಅದನ್ನು ಮುಚ್ಚಿಡುವುದಿಲ್ಲ. ಕಾಲೇಜಿನ ಗೇಟು ದಾಟುವಷ್ಟರಲ್ಲಿ ಅದು ಮುಗಿದಿತ್ತು.

ಆ ವಾರವೂ ಇಬ್ಬರೂ ಸ್ಕೂಲಿಗೆ ಹೋಗಲೇಬೇಕಿತ್ತು. ಅವಳು ಕಟ್ಟೆಯ ಮೇಲೆ, ನಾನು ಬಿಸಿಲಲ್ಲಿ ಪಶ್ಚಿಮದ ತುದಿಯಲ್ಲಿ. ಮೊದಲೆಲ್ಲ ಒಟ್ಟಿಗೆ ಡಬ್ಬಿ ಬಿಚ್ಚುತ್ತಿದ್ದವರು ಈಗ ಬೇರೆ ಬೇರೆ ತಿಂದೆವು. ದೊಡ್ಡವರ ಜಗಳಕ್ಕೆ ಕಿರುಬೆರಳೂ ಇಲ್ಲ, ಜಡೆ ಹಿಡಿಯುವುದೂ ಇಲ್ಲ. ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡಿದ್ದೆ.

ಮಂಗಳವಾರ ಹದಿನೇಳನೇ ನಂಬರಿನ ಹುಡುಗಿ ನನ್ನ ಮುಂದೆ ಬಂದು ನಿಂತಳು. ಅವಳು ತಾನಾಗಿ ನನ್ನ ಹತ್ತಿರ ಬಂದದ್ದು ಅದೇ ಮೊದಲು.

"ಟೀಚರಮ್ಮ, ಆ ಟೀಚರಮ್ಮ ನೀಲಿ ಪೆನ್ಸಿಲ್ಲು ಕೇಳ್ತಾವ್ರೆ. ಬೇಕಂತೆ."

ನನ್ನ ಮುಖ ಬಿಸಿಯಾಯಿತು. ಚೀಲದಿಂದ ತೆಗೆದು ಕೊಟ್ಟೆ. ಹುಡುಗಿ ಓಡಿಹೋಗಿ ಅವಳಿಗೆ ಕೊಟ್ಟಳು. ಗೆಳತಿ ಪೆನ್ಸಿಲನ್ನು ತಿರುಗಿಸಿ ನೋಡಿ, ತಲೆಯೆತ್ತಿ ನನ್ನ ಕಡೆ ನೋಡಿದಳು. ನಾನು ಸ್ಟಾಪ್‌ವಾಚಿಗೆ ಕೀ ಕೊಡತೊಡಗಿದೆ.

ಬುಧವಾರ ಮತ್ತೆ ಬಂದಳು. "ಟೀಚರಮ್ಮ, ಬಿಸ್ಲಲ್ಲಿ ನಿಂತ್ಕಬ್ಯಾಡಿ, ತಲೆನೋವು ಬತ್ತದೆ ಅಂತ ಏಳಿದ್ರು ಆ ಟೀಚರಮ್ಮ."

ಇದನ್ನು ನಂಬಲಾಗಲಿಲ್ಲ. ನನ್ನ ಗೆಳತಿಯ ಕೋಪ ನನಗೆ ಗೊತ್ತು. ಹಾಸ್ಟೆಲಿನಲ್ಲಿ ಒಮ್ಮೆ ಹನ್ನೊಂದು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು. ಹುಡುಗಿಯನ್ನು ಹತ್ತಿರ ಕರೆದು, "ನಿಜ ಹೇಳು, ಅವರು ಹೇಳಿದರಾ?" ಎಂದೆ.

ಅವಳು ಕಾಲಿನ ಹೆಬ್ಬೆರಳಿನಿಂದ ಮಣ್ಣು ಕೆರೆದಳು. "ಏಳ್ಲಿಲ್ಲ."

"ಮತ್ತೆ ಪೆನ್ಸಿಲು?"

"ಅದೂ ಕೇಳ್ಲಿಲ್ಲ. ಅದು ಅವ್ರದ್ದು ಅಂತ ನಂಗೊತ್ತಿತ್ತು. ನೀವೇ ಕೊಟ್ಟು ಕಳ್ಸುದ್ರಿ ಅಂತ ಅವ್ರಿಗೆ ಏಳ್ದೆ."

"ಸುಳ್ಳು ಹೇಳಬಹುದಾ ಹಾಗೆ?"

"ಅವ್ರಿಗೆ ಕೇಳಕ್ಕೆ ಮನಸೈತೆ, ಬಾಯಿ ಬರಕ್ಕಿಲ್ಲ. ದಿನಾ ಇತ್ಲಾಗೇ ನೋಡ್ತಾ ಕುಂತಿರ್ತಾರೆ. ನೀವೂ ಅತ್ಲಾಗೇ ನೋಡ್ತೀರಿ."

ರಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡೆ. ಆಮೇಲೆ ಕೇಳಿದೆ. "ಆವತ್ತು ಕುಂಟೆಬಿಲ್ಲೆ ಜಗಳದಲ್ಲೂ ಹೀಗೇ ಮಾಡಿದೆಯಾ?"

"ಊಂ. ಅವ್ಳು ಬಿಲ್ಲೆ ಎತ್ತಿಟ್ಕಳಕ್ಕೆ ಏಳಿದ್ಲು ಅಂತ ಇವ್ಳಿಗೆ ಏಳ್ದೆ. ಇವ್ಳು ಅಳ್ತಾವ್ಳೆ ಅಂತ ಅವ್ಳಿಗೆ ಏಳ್ದೆ."

"ಹೊಡೆದಾಡುವಾಗಲೇ ಯಾಕೆ ಬಿಡಿಸಲಿಲ್ಲ? ನಲ್ಲಿ ಹತ್ತಿರ ಹೋದೆಯಲ್ಲ?"

ಇಷ್ಟೂ ತಿಳಿಯುವುದಿಲ್ಲವೇ ಎಂಬಂತೆ ನನ್ನನ್ನು ನೋಡಿದಳು. "ಆಗ ಮಧ್ಯ ಓದ್ರೆ ಇಬ್ರೂವೇ ನೀನು ಅವ್ಳ ಕಡೆ ಅಂತಾರೆ. ಆಮೇಲೆ ನನ್ ಮಾತು ಯಾರೂ ಕೇಳಕ್ಕಿಲ್ಲ. ಕೋಪ ಇಳಿಯೋ ಗಂಟ ಕಾಯ್ಬೇಕು."

"ಎಷ್ಟು ಹೊತ್ತು?"

"ಇಳಿಯೋ ಗಂಟ."

ಬೆಲ್ಲು ಹೊಡೆಯಿತು, ಓಡಿಹೋದಳು. ನನ್ನ ಕೈಯಲ್ಲಿ ಸ್ಟಾಪ್‌ವಾಚು ಓಡುತ್ತಲೇ ಇತ್ತು. ಒಂಬತ್ತು ವಾರ ನಾನು ಸೊನ್ನೆ ಕೊಟ್ಟು ತಳ್ಳಿದ್ದ ಮಗು, ನಾಲ್ಕು ಅಂಕ ಪಡೆದವರಿಗಿಂತ ಹೆಚ್ಚು ಜಗಳ ಮುಗಿಸಿತ್ತು. ನಡುವೆ ನುಗ್ಗಿದವರು ಜಗಳವನ್ನು ನಿಲ್ಲಿಸಿದ್ದರು, ಅಷ್ಟೇ. ಸ್ನೇಹವನ್ನು ಮತ್ತೆ ಹೊಲಿದವಳು ಇವಳು. ಅದು ನನ್ನ ಐದು ನಿಮಿಷ ಮುಗಿದ ಮೇಲೆ ನಡೆದಿತ್ತು.

ಈಗ ನನ್ನ ಸಣ್ಣತನದ ಕೊನೆಯ ಮೆಟ್ಟಿಲು ಹೇಳಬೇಕು. ಇದು ದೊಡ್ಡ ಸಂಗತಿ ಎಂದು ನನಗೆ ತಕ್ಷಣ ಗೊತ್ತಾಯಿತು. ಗೆಳತಿಗೆ ಗೊತ್ತಿಲ್ಲದ್ದು ನನಗೆ ಗೊತ್ತಾಗಿತ್ತು. ಅವಳು ಬರೀ ನೋಡಿದ್ದಳು, ಮಾತು ಕೇಳಿದವಳು ನಾನು. ತಿಂಗಳ ಕೊನೆಗೆ ಅವಳು ಹೋಗುತ್ತಾಳೆ. ಆಮೇಲೆ ನಿಧಾನವಾಗಿ, ಹೊಸದಾಗಿ ಹೊಳೆಯಿತೆಂಬಂತೆ ಪ್ರೊಫೆಸರ ಮುಂದೆ ಇಟ್ಟರೆ ಎಲ್ಲವೂ ನನ್ನದು. 'ವೆರಿ ಗುಡ್' ಕೂಡ ನನ್ನದು. ಗುರುವಾರವೆಲ್ಲ ಇದೇ ಲೆಕ್ಕಾಚಾರದಲ್ಲಿ ಕಳೆಯಿತು. ಅವರು ಹೇಗೆ ಕನ್ನಡಕ ತೆಗೆದು ನನ್ನನ್ನು ಮೆಚ್ಚುತ್ತಾರೆ ಎಂಬುದನ್ನೂ ಕಲ್ಪಿಸಿಕೊಂಡೆ.

ಶುಕ್ರವಾರ ಮಧ್ಯಾಹ್ನ ಕಾಲೇಜಿನ ಕೋಣೆಯಲ್ಲಿ ಕೊನೇ ಪ್ರತಿ ಬರೆಯಲು ಕೂತೆ. ಹದಿನೇಳರ ಮಾತಿಗೆ ಪುರಾವೆ ಬೇಕಲ್ಲ, ಒಂದು ಮಗು ಹೇಳಿತು ಅಂದರೆ ಯಾರು ಒಪ್ಪುತ್ತಾರೆ? ನನ್ನ ಹಾಳೆಗಳನ್ನು ತಿರುವಿದೆ. ಐದು ನಿಮಿಷದ ಆಚೆಗೆ ಒಂದು ಅಕ್ಷರವೂ ಇರಲಿಲ್ಲ. ಅವಳ ಹಾಳೆ ತೆಗೆದೆ. ಪ್ರತಿ ಹಾಳೆಯ ಅಂಚಿನಲ್ಲೂ ಇತ್ತು. ಯಾವ ಮಗು ಯಾರ ಹತ್ತಿರ ಹೋಯಿತು, ಎಷ್ಟು ಹೊತ್ತಿನ ಮೇಲೆ, ಸಂಜೆ ಯಾರ ಜೊತೆ ಯಾರು ಮನೆಗೆ ಹೋದರು. ಏನು ನಡೆಯುತ್ತಿದೆ ಎಂದು ಗೊತ್ತಿಲ್ಲದೆಯೇ, ಒಂದು ದಿನವೂ ಬಿಡದೆ ಬರೆದಿದ್ದಳು. ನಾನು ಕದಿಯಬೇಕೆಂದಿದ್ದ ವಸ್ತು ಅವಳ ಅಕ್ಷರದಲ್ಲಿತ್ತು. ಇವಳ ಮೇಲೆ ಹೊಟ್ಟೆ ಉರಿಯುವುದಕ್ಕೆ ನನಗೆ ಕಾರಣ ಇದೆ, ಧಾರಾಳವಾಗಿ ಇದೆ ಎನಿಸಿತು. ಆದರೆ ಈ ಹಾಳೆಗಳನ್ನು ಕಸಕ್ಕೆ ಹಾಕಿಸಿ ಇವಳನ್ನು ಬೀದಿಗೆ ಕಳಿಸುವುದಕ್ಕೆ ಯಾವ ಕಾರಣವೂ ಇರಲಿಲ್ಲ.

ಹೊಸ ಹಾಳೆ ಹರಡಿ ಗೆರೆ ಎಳೆದೆ. ಷರಾ ಕಾಲಮ್ಮನ್ನು ಉಳಿದ ಎರಡಕ್ಕಿಂತಲೂ ಅಗಲ ಮಾಡಿದೆ. ಅವಳ ಅಂಚಿನ ಟಿಪ್ಪಣಿಗಳನ್ನು ಒಂದೊಂದಾಗಿ ಇಳಿಸಿದೆ. ಕಾಲೇಜಿನ ಜವಾನ ಬಾಗಿಲು ಹಾಕಲು ಬಂದಾಗ ಇನ್ನೂ ಎರಡು ವಾರದ್ದು ಬಾಕಿ ಇತ್ತು. ಅದನ್ನು ಬೆಳಿಗ್ಗೆ ಬಂದು ಮುಗಿಸಿದೆ.

ಶನಿವಾರ ಪ್ರೊಫೆಸರು ಬಹಳ ಹೊತ್ತು ಓದಿದರು. "ಇದೆಲ್ಲ ಮೊದಲ ಪಟ್ಟಿಯಲ್ಲಿ ಯಾಕಿರಲಿಲ್ಲ?"

"ಬೇಕೆಂದೇ ಬಿಟ್ಟಿದ್ದೆ ಸಾರ್."

"ಯಾಕೆ?"

ಏನೇನೋ ಉತ್ತರ ಸಿದ್ಧಮಾಡಿಕೊಂಡು ಹೋಗಿದ್ದೆ. ಅದನ್ನೆಲ್ಲ ಬಿಟ್ಟು, "ಹೊಟ್ಟೆಕಿಚ್ಚಿಗೆ ಸಾರ್" ಎಂದೆ.

ಅವರು ಕನ್ನಡಕ ತೆಗೆದರು. ನಾನು ಗುರುವಾರ ಕಲ್ಪಿಸಿಕೊಂಡಿದ್ದ ಹಾಗೇ ತೆಗೆದರು, ಆದರೆ ಮೆಚ್ಚಲಿಲ್ಲ. ಹದಿನೇಳನೇ ನಂಬರಿನ ಹುಡುಗಿ ಹೇಳಿದ್ದನ್ನು ಮತ್ತೊಮ್ಮೆ ಹೇಳಿಸಿದರು, ಅವಳ ಮಾತಿನಲ್ಲೇ. ಎರಡು ಸಲ 'ಇಳಿಯೋ ಗಂಟ' ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. "ಐದು ನಿಮಿಷದ ನಿಯಮ ಹೋಗಬೇಕು. ಜಗಳ ಮುಗಿದ ಮೇಲೆ ಮೂರು ದಿನ ನೋಡಬೇಕು. ಅಂಕಗಳನ್ನೂ ಹೊಸದಾಗಿ ಕಟ್ಟಬೇಕು. ನಿಯಮಗಳನ್ನ ಮತ್ತೆ ಬರೀಬೇಕಾಗುತ್ತೆ."

"ಬರೀತೀನಿ ಸಾರ್."

"ಬೇಡ. ಅದನ್ನ ಆಕೆ ಬರೀಲಿ. ಆಕೆ ಎಲ್ಲೂ ಹೋಗೋ ಹಾಗಿಲ್ಲ ಈಗ. ನೀವು ಸ್ಟೆನ್ಸಿಲ್ ಕೊರೆದುಕೊಡಿ."

ನ್ಯಾಯವಾಗಿಯೇ ಇತ್ತು. ಆದರೂ ಕಣ್ಣಲ್ಲಿ ನೀರು ಬಂತು, ಅದು ಪಶ್ಚಾತ್ತಾಪದ್ದು ಅಂತ ಹೇಳಿದರೆ ನನ್ನನ್ನು ನಾನೇ ಹೊಗಳಿಕೊಂಡ ಹಾಗಾಗುತ್ತದೆ.

ಸೋಮವಾರ ಊಟದ ಹೊತ್ತಿಗೆ ಹದಿನೇಳು ಬಂದಳು. "ಟೀಚರಮ್ಮ, ಆ ಟೀಚರಮ್ಮ ಚಿತ್ರಾನ್ನ ತಂದವ್ರಂತೆ. ಬರಬೇಕಂತೆ."

ಸುಳ್ಳೆಂದು ನನಗೆ ಗೊತ್ತು. ನನಗೆ ಗೊತ್ತೆಂದು ಅವಳಿಗೂ ಗೊತ್ತು. ಡಬ್ಬಿ ತೆಗೆದುಕೊಂಡು ಹೊಂಗೆಮರದ ಕಡೆ ನಡೆದೆ. ಅಷ್ಟುದ್ದದ ಬಯಲು ಅದು ಎಂದು ಅಲ್ಲಿಯ ತನಕ ಗೊತ್ತಿರಲಿಲ್ಲ.

"ಏನೋ ಮಾತಾಡಬೇಕು ಅಂದೆಯಂತೆ" ಎಂದಳು ಗೆಳತಿ, ನನ್ನ ಮುಖ ನೋಡದೆ.

"ಚಿತ್ರಾನ್ನ ತಂದಿದೀಯಂತೆ."

"ರಾಗಿ ರೊಟ್ಟಿ."

ಕಟ್ಟೆಯ ಮೇಲೆ ಜಾಗ ಸರಿದುಕೊಟ್ಟಳು. ಕೂತೆ. ಅರ್ಧ ರೊಟ್ಟಿ ಮುರಿದು ನನ್ನ ಮುಚ್ಚಳದಲ್ಲಿ ಹಾಕಿದಳು. ಸ್ವಲ್ಪ ಹೊತ್ತಿನ ಮೇಲೆ, "ಪ್ರೊಫೆಸರು ಎಲ್ಲಾ ಹೇಳಿದರು" ಎಂದಳು.

"ಎಲ್ಲಾನಾ?"

"ಹೊಟ್ಟೆಕಿಚ್ಚು ಅನ್ನೋದೂ ಸೇರಿ."

ಕೈಯಲ್ಲಿದ್ದ ತುತ್ತನ್ನು ವಾಪಸ್ ಮುಚ್ಚಳಕ್ಕೆ ಹಾಕಿದೆ. ಅವಳೇ ನೀರಿನ ಚೊಂಬು ಮುಂದೆ ಮಾಡಿದಳು. "ನಾನು ನಿನ್ನನ್ನ ಇಷ್ಟು ಬೇಗ ಕ್ಷಮಿಸಲ್ಲ ಕಣೇ. ಹಾಸ್ಟೆಲಲ್ಲಿ ಹನ್ನೊಂದು ದಿನ ಮಾತು ಬಿಟ್ಟಿದ್ದೆನಲ್ಲ, ಯಾಕೆ ಅಂತ ನಿನಗೆ ಇವತ್ತಿನವರೆಗೂ ಗೊತ್ತಿಲ್ಲ ಅಲ್ವಾ? ಆವತ್ತು ರಿಸಲ್ಟು ಬಂದಿತ್ತು. ನಿನಗೆ ಫಸ್ಟ್ ಕ್ಲಾಸು."

ಅದನ್ನು ಕೇಳಿ ನನಗಾದ ಸಮಾಧಾನ ಹೇಳತೀರದು. ಇಂಥ ವಿಷಯಕ್ಕೆ ಸಮಾಧಾನ ಪಡುವುದು ಸಜ್ಜನಿಕೆಯಲ್ಲ, ಗೊತ್ತು. ಆದರೆ ಆಯಿತು.

ಹದಿನೇಳು ದೂರದಲ್ಲಿ ನಲ್ಲಿಯ ಹತ್ತಿರ ಕಾಲು ತೊಳೆಯುತ್ತಿದ್ದಳು. ನಮ್ಮ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ.

ಸಂಜೆ ಆ ದಿನದ ಎರಡೂ ಹಾಳೆಗಳನ್ನು ಪಟ್ಟಿಗೆ ಇಳಿಸಲು ಪಕ್ಕಪಕ್ಕ ಇಟ್ಟೆ. ಬಿಡಿಸಿದವರು ಎಂಬ ಕಾಲಮ್ಮಿನಲ್ಲಿ ಇಬ್ಬರೂ ಹದಿನೇಳು ಎಂದು ಬರೆದಿದ್ದೆವು, ಇಬ್ಬರೂ ನಾಲ್ಕು ಅಂಕ ಕೊಟ್ಟಿದ್ದೆವು. ಒಬ್ಬರಿಗೊಬ್ಬರು ಹೇಳಿಕೊಂಡು ಮಾಡಿದ್ದಲ್ಲ. ಜಗಳವಾಡಿದವರು ಎಂಬ ಕಾಲಮ್ಮನ್ನು ಮಾತ್ರ ನಾನು ಖಾಲಿ ಬಿಟ್ಟಿದ್ದೆ, ಕ್ಲಾಸಿನಲ್ಲಿ ಇಲ್ಲದವರಿಗೆ ನಂಬರಿಲ್ಲ ಎಂಬ ನೆಪ ಹೇಳಿಕೊಂಡು. ಅವಳು ಅಲ್ಲಿ ಅದೇ ನೀಲಿ ಪೆನ್ಸಿಲಿನಲ್ಲಿ ಮೊದಲು ತನ್ನ ಹೆಸರು, ಪಕ್ಕದಲ್ಲಿ ನನ್ನ ಹೆಸರು ಬರೆದಿದ್ದಳು.

ಇದೂ ಅವಳಿಗೇ ಮೊದಲು ಹೊಳೆಯಿತಲ್ಲ ಎಂದು ಮತ್ತೆ ಹೊಟ್ಟೆ ಉರಿಯಿತು. ನನ್ನ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡೆ. ಒಬ್ಬರ ಹಾಳೆಯನ್ನು ನೋಡಿ ಇನ್ನೊಬ್ಬರು ಬರೆಯಕೂಡದು ಎಂಬುದು ನಾನೇ ಮಾಡಿದ ನಿಯಮ. ನೋಡಿಕೊಂಡೇ ಬರೆದೆ.